ತುಳಸಮ್ಮನವರ ಸ್ಪೀಕರ್ ಸ್ಟ್ಯಾಂಡು

ಕುರುಗೋಡಿನ ಬಡಗಿ ಉಚ್ಚಂಗೆಪ್ಪನಿಗೆ ಮಗಳು ಚೈತ್ರಾ ಮಾಡುವ ಕೆಲಸ ಏನೆಂದು ಗೊತ್ತಿತ್ತು, ಆದರೆ ಅವಳು ಅದನ್ನು ಮಾಡುವುದನ್ನು ಒಮ್ಮೆಯೂ ನೋಡಿರಲಿಲ್ಲ. ಬಳ್ಳಾರಿಯ ಒಂದು ಫರ್ನಿಚರ್ ಅಂಗಡಿಯಲ್ಲಿ ಅವಳು ಎರಡು ವರ್ಷದಿಂದ ಇದ್ದಳು. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ ಮೇಜು, ಕಪಾಟುಗಳನ್ನು ಕೊಂಡವರ ಮನೆಗೇ ಹೋಗಿ ಜೋಡಿಸಿ ಕೊಡುವುದು ಅವಳ ಕೆಲಸ. ಮೂವತ್ತೈದು ವರ್ಷ ಸಾಗವಾನಿ ಬಾಗಿಲು, ಬೇವಿನ ಚೌಕಟ್ಟು ಮಾಡಿದ ಉಚ್ಚಂಗೆಪ್ಪ ಆ ಸಾಮಾನುಗಳ ಮಾತು ಬಂದರೆ, “ಅದು ಕಟ್ಟಿಗಿ ಅಲ್ಲ ಬಿಡ್ರಿ, ಅಂಟು ಹಾಕಿ ಒತ್ತಿದ ಹೊಟ್ಟು” ಎನ್ನುತ್ತಿದ್ದ.

ಒಂದು ಭಾನುವಾರ ಅವಳಿಗೆ ಸಿರುಗುಪ್ಪದಲ್ಲಿ ಕೆಲಸ ಬಿತ್ತು. ಉಚ್ಚಂಗೆಪ್ಪನಿಗೂ ಅಲ್ಲಿಯ ಕಟ್ಟಿಗೆ ಕೊಯ್ಯುವ ಸಾಮಿಲ್ಲಿನಲ್ಲಿ ಒಂದು ತೊಲೆ ನೋಡುವುದಿತ್ತು. ಹತಾರಗಳ ಚೀಲ ತೊಡೆಯ ಮೇಲಿಟ್ಟುಕೊಂಡು ಮಗಳ ಸ್ಕೂಟಿಯ ಹಿಂದೆ ಕೂತ. ಗದ್ದೆಗಳ ನಡುವೆ ಒಂದು ತಾಸು ಹೋಗಿ ನೋಡಿದರೆ ಮಿಲ್ಲಿಗೆ ಬೀಗ. ಮಾಲೀಕ ಮದುವೆಗೆಂದು ಮೋಕಾ ಊರಿಗೆ ಹೋಗಿದ್ದಾನೆ ಎಂದು ಪಕ್ಕದವರು ಹೇಳಿದರು.

“ಇಲ್ಲಿ ಕುಂತು ಏನು ಮಾಡ್ತಿ? ನನ್ನ ಜೋಡಿ ಬಾ,” ಎಂದಳು ಚೈತ್ರಾ.

ಅವಳು ಹೋಗಬೇಕಿದ್ದದ್ದು ತುಳಸಮ್ಮನವರ ಮನೆಗೆ. ಅವರು ಸಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಪ್ರತಿ ಭಾನುವಾರ ನಾಲ್ಕು ಗಂಟೆಗೆ ಓಣಿಯ ಹದಿನೈದು ಹೆಂಗಸರನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ದೇವರನಾಮ ಹೇಳಿಕೊಡುತ್ತಿದ್ದರು. ತಂಬೂರಿಯ ಶ್ರುತಿ ಕೇಳಿಸಲೆಂದು ಮಗ ವಾಸುದೇವ ಎರಡು ಸ್ಪೀಕರ್ ತಂದುಕೊಟ್ಟಿದ್ದ. ಅವು ಗೋಡೆಯ ಬುಡದಲ್ಲಿ ಕೂತಿದ್ದವು.

“ನೆಲದ ಮ್ಯಾಲೆ ಇಟ್ರ ದನಿ ಎಲ್ಲಾ ಮೊಣಕಾಲಿನ ಮಟ ಉಳೀತದ,” ಎಂದರು ತುಳಸಮ್ಮ. “ಹಿಂದ ಕೂತವರಿಗೆ ಬರೇ ಗುಂಯ್ ಅಂತದ. ಅದಕ್ಕ ಈ ಸ್ಟ್ಯಾಂಡು ತರಿಸೀವಿ. ಅಗ್ಗದ್ದು, ಮುರೀಬಾರದು ನೋಡವಾ. ನಾಲ್ಕರೊಳಗ ಆಗ್ತದಲಾ?”

“ಒಂದೂವರೆ ತಾಸಿನ ಕೆಲಸರಿ ಅಮ್ಮಾ.”

ಚೈತ್ರಾ ಒಂದು ಹಳೆಯ ಕಂಬಳಿ ಕೇಳಿ ನೆಲಕ್ಕೆ ಹಾಸಿದಳು. ಚಾಕುವಿನ ಮೊನೆಯನ್ನು ಮಾತ್ರ ತಾಗಿಸಿ ಪೆಟ್ಟಿಗೆಯ ಟೇಪು ಸೀಳಿದಳು. ಹಲಗೆಗಳನ್ನು ಎಳೆಯದೆ, ಎರಡೂ ಕೈಯಿಂದ ಎತ್ತಿ ಒಂದೊಂದಾಗಿ ಕಂಬಳಿಯ ಮೇಲೆ ಮಲಗಿಸಿದಳು. ಸ್ಕ್ರೂಗಳನ್ನು ಉದ್ದ ನೋಡಿ ಬೇರೆ ಬೇರೆ ತಟ್ಟೆಗೆ ಹಾಕಿ, ಪೆಟ್ಟಿಗೆಯಲ್ಲಿದ್ದ ಚಿತ್ರದ ಹಾಳೆ ಬಿಡಿಸಿ ಓದತೊಡಗಿದಳು.

“ಚೀಟಿ ಓದಿ ಮಾಡೋ ಬಡಿಗಿತನ ಇವತ್ತ ನೋಡಾಕತ್ತೀನಿ,” ಎಂದ ಉಚ್ಚಂಗೆಪ್ಪ.

ಅವಳು ನಕ್ಕಳೇ ಹೊರತು ತಲೆ ಎತ್ತಲಿಲ್ಲ. ನಾಲ್ಕು ಉದ್ದ ಹಲಗೆ ಸೇರಿ ಒಂದು ಟೊಳ್ಳು ಕಂಬ, ಅದರ ಕೆಳಗೊಂದು ಅಗಲ ಪಾದ, ಮೇಲೊಂದು ಸಣ್ಣ ತಟ್ಟೆ, ಇಷ್ಟೇ ಒಂದು ಸ್ಟ್ಯಾಂಡು. ತೂತುಗಳಿಗೆ ಸಣ್ಣ ಮರದ ಗೂಟ ಇಟ್ಟು ಮೊದಲ ಕಂಬ ಕೂಡಿಸುವಾಗ ಉಚ್ಚಂಗೆಪ್ಪನ ಕೈ ತಾನಾಗಿಯೇ ಚೀಲದ ಸುತ್ತಿಗೆಗೆ ಹೋಯಿತು.

“ಬ್ಯಾಡಪ್ಪಾ. ಬಡಿದ್ರ ಅಂಚು ಉದುರತೈತಿ. ಅಂಗೈಲೆ ಒತ್ತು ಸಾಕು.”

ಒತ್ತಿದ. ಕೂತಿತು. ಇನ್ನು ಪಾದಕ್ಕೆ ನಾಲ್ಕು ಸ್ಕ್ರೂ. ನಾಲ್ಕನ್ನೂ ಮೊದಲು ಸಡಿಲವಾಗಿ ಹಾಕಬೇಕು, ಆಮೇಲೆ ಎದುರುಬದುರಿನವನ್ನು ಸ್ವಲ್ಪಸ್ವಲ್ಪವೇ ಬಿಗಿಸಬೇಕು, ತಲೆ ಹಲಗೆಗೆ ಮುಟ್ಟಿದ ಕೂಡಲೇ ನಿಲ್ಲಿಸಬೇಕು ಎಂದು ಹೇಳಿ ಚೈತ್ರಾ ಎರಡು ತೋರಿಸಿದಳು. ಮೂರನೆಯದಕ್ಕೆ ಉಚ್ಚಂಗೆಪ್ಪ ಸ್ಕ್ರೂಡ್ರೈವರ್ ಇಸಿದುಕೊಂಡ. ತಲೆ ಮುಟ್ಟಿತು. ಆದರೆ ಸಾಗವಾನಿಯಲ್ಲಿ ಹಿಡಿತ ಬರುವುದೇ ಆಮೇಲಿನ ಅರ್ಧ ಸುತ್ತಿನಲ್ಲಿ. ಅಷ್ಟು ವರ್ಷದ ಅಭ್ಯಾಸದ ಮುಂಗೈ ಆ ಅರ್ಧ ಸುತ್ತು ಸುತ್ತಿಯೇಬಿಟ್ಟಿತು. ಹಪ್ಪಳ ಮುರಿದಂಥ ಸದ್ದಾಯಿತು. ಹಲಗೆಯ ಅಂಚು ಉಬ್ಬಿ ಚಿಟಿಕೆಯಷ್ಟು ಕಂದು ಪುಡಿ ಕಂಬಳಿಯ ಮೇಲೆ ಉದುರಿತು. ಸ್ಕ್ರೂ ಹಿಡಿತವಿಲ್ಲದೆ ಗರಗರ ತಿರುಗಿತು.

ಉಚ್ಚಂಗೆಪ್ಪ ಸ್ಕ್ರೂಡ್ರೈವರನ್ನು ಕೆಳಗಿಟ್ಟ. ಆಮೇಲೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದ.

“ಅಮ್ಮಾರ, ನಿಮ್ಮ ಸ್ಟ್ಯಾಂಡು ನಾನು ಕೆಡಿಸಿದೆ. ಹುಡುಗಿದು ತಪ್ಪಿಲ್ಲ.”

ಕೆಲಸ ಕೊಟ್ಟವರ ಮುಂದೆ ಅಪ್ಪ ಹೀಗೆ ನಿಂತದ್ದನ್ನು ಚೈತ್ರಾ ಕಂಡಿರಲಿಲ್ಲ. ತುಳಸಮ್ಮ ಸೆರಗಿಗೆ ಕೈ ಒರೆಸುತ್ತ ಬಂದು ಬಗ್ಗಿ ನೋಡಿದರು.

“ಇದು ಸರಿ ಆಗ್ತದೇನವಾ?”

“ಆಗತೈತ್ರಿ. ಎರಡು ತಾಸು ಹೆಚ್ಚಿಗಿ ಬೇಕು ಅಷ್ಟ.” ಚೈತ್ರಾ ಅಪ್ಪನ ಕಡೆ ತಿರುಗಿದಳು. “ನಿನ್ನ ಚೀಲದಾಗ ಸಾಗವಾನಿ ಚೂರು ಐತೇನು?”

ಇಲ್ಲದೆ ಏನು? ಉಚ್ಚಂಗೆಪ್ಪ ಬೆರಳುದ್ದದ ಒಂದು ಚೂರು ತೆಗೆದು ಉಳಿಯಿಂದ ಹೆರೆಯುತ್ತ ಕೂತ. ಬೆಂಕಿಕಡ್ಡಿಗಿಂತ ತೆಳುವಾದ ಎಳೆಗಳನ್ನು ಮಾಡಿ, ಒಂದೊಂದನ್ನೂ ತೂತಿಗೆ ಇಟ್ಟು ನೋಡಿ ಮತ್ತೆ ಹೆರೆದ. ಚೈತ್ರಾ ತೂತಿನೊಳಗೆ ಅಂಟು ಬಿಟ್ಟು ಆ ಎಳೆಗಳನ್ನು ಬೆರಳಿನಿಂದಲೇ ಒಳಗೆ ತಳ್ಳಿದಳು. ಉಬ್ಬಿದ ಅಂಚಿಗೆ ಎರಡೂ ಕಡೆ ಕಟ್ಟಿಗೆಯ ಪಟ್ಟಿ ಇಟ್ಟು ಹಗ್ಗ ಸುತ್ತಿದಾಗ, ಉಚ್ಚಂಗೆಪ್ಪ ಕಿವಿಯ ಮೇಲಿನ ಪೆನ್ಸಿಲ್ಲನ್ನು ಹಗ್ಗದೊಳಗೆ ತೂರಿಸಿ ತಿರುವತೊಡಗಿದ. ಹಗ್ಗ ಮೆಲ್ಲಗೆ ಬಿಗಿಯಾಯಿತು.

“ಎಷ್ಟು ಬಿಗೀಲಿ?” ಎಂದು ಅವನು ಕೇಳಿದ.

“ಇನ್ನೊಂದೀಟು. ಸಾಕು, ಅಲ್ಲೇ ನಿಲ್ಲಿಸು.”

ನಿಲ್ಲಿಸಿದ.

ಅಂಟು ಒಣಗುವಷ್ಟರಲ್ಲಿ ಚೈತ್ರಾ ಎರಡನೆಯ ಸ್ಟ್ಯಾಂಡಿನ ಕಂಬ, ಪಾದ ಕೂಡಿಸಿದಳು. ಉಚ್ಚಂಗೆಪ್ಪ ಕೈ ಕಟ್ಟಿಕೊಂಡು ಅವಳ ಮುಂಗೈಯನ್ನೇ ನೋಡುತ್ತಿದ್ದ. ಒಂದು ಗಂಟೆಗೆ ತುಳಸಮ್ಮ ಇಬ್ಬರನ್ನೂ ಊಟಕ್ಕೆ ಎಬ್ಬಿಸಿದರು. ಬಿಸಿ ಅನ್ನ, ಸಾರು, ಚಟ್ನಿಪುಡಿ, ಗಟ್ಟಿ ಮೊಸರು. ತಮ್ಮ ಗಂಡ ಒಮ್ಮೆ ಹೊಸ ಹೊಲಿಗೆ ಮಷೀನು ಬಿಚ್ಚಿ ಮತ್ತೆ ಕೂಡಿಸಿದಾಗ ಏಳು ಸಾಮಾನು ಉಳಿದಿದ್ದವು, ಆದರೂ ಮಷೀನು ಹೊಲಿಯುತ್ತಿತ್ತು ಎಂದು ಅವರು ಹೇಳಿದಾಗ ಉಚ್ಚಂಗೆಪ್ಪ ತುತ್ತು ಕೈಯಲ್ಲೇ ಹಿಡಿದು ನಕ್ಕ.

ಊಟವಾದ ಮೇಲೆ ಚೈತ್ರಾ ಎರಡನೆಯ ಕಂಬದ ಮೇಲೆ ತಟ್ಟೆಯನ್ನು ಸ್ಕ್ರೂ ಹಾಕದೆ ಸುಮ್ಮನೆ ಇಟ್ಟು, ಅದರ ಮೇಲೆ ಸ್ಪೀಕರ್ ಇಟ್ಟು, ಕೈ ಬಿಡದೆ ಮೆಲ್ಲಗೆ ತಳ್ಳಿ ನೋಡಿದಳು. ಸ್ಟ್ಯಾಂಡು ಓಲಾಡಿತು.

“ಮೊದಲು ಸ್ಕ್ರೂ ಹಾಕಿ ಆಮ್ಯಾಲೆ ನೋಡಬಹುದಿತ್ತಲ್ಲ,” ಎಂದ ಉಚ್ಚಂಗೆಪ್ಪ.

“ಬಿಚ್ಚಿ ಬಿಚ್ಚಿ ಹಾಕಿದ್ರ ತೂತು ದೊಡ್ಡದಾಗತೈತಿ. ಇದಕ್ಕ ಒಂದ ಸಲ ಹಾಕೋದು. ಬುಡದಾಗ ಭಾರ ಇಲ್ಲಪ್ಪಾ, ಕಂಬಕ್ಕ ಉಸುಕು ತುಂಬಬೇಕು.”

ಹಿತ್ತಲಲ್ಲಿ ಮನೆ ರಿಪೇರಿಗೆ ತರಿಸಿದ ಹೊಳೆಯ ಉಸುಕಿನ ಗುಡ್ಡೆಯೇ ಇತ್ತು. ಉಚ್ಚಂಗೆಪ್ಪ ಒಂದು ಹಿಡಿ ತೆಗೆದು ಅಮುಕಿದ. ಅದು ಉಂಡೆಯಾಗಿ ನಿಂತಿತು.

“ಹಸಿ ಐತಿ,” ಎಂದ. “ಹೊಟ್ಟು ನೀರು ಕುಡಿದ್ರ ಉಬ್ಬತೈತಿ, ಅಲ್ಲೇನು?”

“ಹೂಂ. ಮೂರು ತಿಂಗಳದಾಗ ಬಾಯಿ ಬಿಡತೈತಿ.”

ಬಿಸಿಲಿಗೆ ಹರವಿದರೆ ಒಂದು ದಿನ ಬೇಕು. ನಾಲ್ಕಕ್ಕೆ ಹೆಂಗಸರು ಬರುತ್ತಾರೆ. ಮೂವರೂ ಗುಡ್ಡೆಯ ಸುತ್ತ ನಿಂತು ಯೋಚಿಸಿದರು. ತುಳಸಮ್ಮ ಸೆರಗು ಸೊಂಟಕ್ಕೆ ಸಿಗಿಸಿ ಬಾಗಿಲ ಕಡೆ ಹೊರಟರು.

“ಕರಿಬಸವನ ಮಂಡಕ್ಕಿ ಭಟ್ಟಿಗೆ ಹೋಗೂಣ ಬರ್ರಿ. ಅವ ಅಕ್ಕಿ ಹುರಿಯೋ ಉಸುಕಿನಷ್ಟು ಒಣಗಿದ್ದು ಈ ಊರಾಗ ಎಲ್ಲೂ ಸಿಗೂದಿಲ್ಲ.”

ಭಟ್ಟಿ ಎರಡು ಓಣಿ ಆಚೆ ಇತ್ತು. ಒಲೆ ಆರಿತ್ತು, ಹುರಿದ ಅಕ್ಕಿಯ ವಾಸನೆ ಇನ್ನೂ ಗಟ್ಟಿಯಾಗಿ ನಿಂತಿತ್ತು. ಕರಿಬಸವ ತಗಡಿನ ನೆರಳಲ್ಲಿ ಮಂಡಕ್ಕಿ ಚೀಲ ಹೊಲಿಯುತ್ತಿದ್ದ. ತುಳಸಮ್ಮ ಉಸುಕು ಕೇಳಿದಾಗ ಅವನು ಸೂಜಿ ಕೆಳಗಿಟ್ಟ.

“ಟೀಚರಮ್ಮಾ, ಮಂಡಕ್ಕಿ ಬ್ಯಾಡ, ಬರೇ ಉಸುಕು ಬೇಕು ಅಂತೀರಾ?”

“ಹೂಂನಪ್ಪಾ. ನಾಲ್ಕಕ್ಕ ಬಂದು ಹಾಡು ಕೇಳು, ತಿಳೀತದ.”

ಬಾಣಲೆಯಿಂದ ತೆಗೆದು ಆರಲು ಇಟ್ಟಿದ್ದ ನಿನ್ನೆಯ ಉಸುಕನ್ನು ಅವನು ಜರಡಿ ಹಿಡಿದು ಎರಡು ಚೀಲಕ್ಕೆ ಹಾಕಿದ. ಬೆರಳ ಸಂದಿಯಿಂದ ನೀರಿನ ಹಾಗೆ ಜಾರುವ ಕಪ್ಪು, ನುಣ್ಣನೆಯ ಉಸುಕು. ಚೀಲ ಹೆಗಲಿಗೇರಿಸಿಕೊಂಡ ಉಚ್ಚಂಗೆಪ್ಪನನ್ನು ನೋಡಿ, “ಮೇಸ್ತ್ರಿ ನೀವೇನ್ರಿ?” ಎಂದು ಕೇಳಿದ.

“ಇವತ್ತಿನ ಮೇಸ್ತ್ರಿ ನನ್ನ ಮಗಳು,” ಎಂದ ಉಚ್ಚಂಗೆಪ್ಪ. “ನಾನು ಉಸುಕು ಹೊರಾಕ ಬಂದೀನಿ.”

ಚೈತ್ರಾ ಏನೂ ಕೇಳಿಸದವಳ ಹಾಗೆ ಮುಂದೆ ನಡೆದಳು. ಆದರೆ ಅವಳ ಹೆಜ್ಜೆ ಸ್ವಲ್ಪ ಚುರುಕಾಗಿತ್ತು.

ಮನೆಗೆ ಬಂದಾಗ ಮೂರು ದಾಟಿತ್ತು. ಹಗ್ಗ ಬಿಚ್ಚಿ ನೋಡಿದರು. ಅಂಚು ಮೊದಲಿನಷ್ಟೇ ಮಟ್ಟಸವಾಗಿತ್ತು. ಚೈತ್ರಾ ಸಣ್ಣ ಮೊನೆಯ ಹತಾರದಿಂದ ಸಾಗವಾನಿ ತುಂಬಿದ ಜಾಗಕ್ಕೆ ತೂತು ಮಾಡಿ, ಸ್ಕ್ರೂಡ್ರೈವರನ್ನು ಅಪ್ಪನ ಕಡೆ ಚಾಚಿದಳು.

“ನಾನಾ?”

“ನೀನ. ಎರಡು ಬೆರಳಿಲೆ ಹಿಡಿ, ಮುಷ್ಟಿ ಬ್ಯಾಡ.”

ಉಚ್ಚಂಗೆಪ್ಪ ಎರಡೇ ಬೆರಳಿನಲ್ಲಿ ಹಿಡಿದು ತಿರುಗಿಸಿದ. ತಲೆ ಹಲಗೆಗೆ ಮುಟ್ಟಿತು. ಮುಂಗೈ ಮತ್ತೆ ಆ ಅರ್ಧ ಸುತ್ತಿಗೆ ಹೊರಟಿತ್ತು. ಅವನು ಸ್ಕ್ರೂಡ್ರೈವರನ್ನು ತೆಗೆದು ದೂರ ಇಟ್ಟೇಬಿಟ್ಟ. ತುಳಸಮ್ಮ ನಕ್ಕರು.

ಉಸುಕನ್ನು ದಪ್ಪ ಪ್ಲಾಸ್ಟಿಕ್ ಕವರಿಗೆ ತುಂಬಿ, ಬಾಯಿ ಕಟ್ಟಿ, ಕಂಬದೊಳಗೆ ಮೆಲ್ಲಗೆ ಇಳಿಸಿದರು. ಮೇಲಿನ ತಟ್ಟೆ ಕೂಡಿಸಿದರು. ಸ್ಪೀಕರ್ ಇಟ್ಟು ಚೈತ್ರಾ ತಳ್ಳಿದಳು, ಉಚ್ಚಂಗೆಪ್ಪ ತಳ್ಳಿದ, ತುಳಸಮ್ಮನವರೂ ಒಮ್ಮೆ ತಳ್ಳಿದರು. ಅಲುಗಲಿಲ್ಲ.

ನಾಲ್ಕಕ್ಕೆ ಹೆಂಗಸರು ಬಂದು ಕೂತರು. ತುಳಸಮ್ಮ ಫೋನಿನಲ್ಲಿ ಶ್ರುತಿ ಹಚ್ಚಿದರು. ಕೂತವರ ಕಿವಿಯ ಮಟ್ಟಕ್ಕೆ ತಂಬೂರಿಯ ನಾದ ಪಡಸಾಲೆ ತುಂಬ ಹರಡಿತು. ಯಾವಾಗಲೂ ಹಿಂದಿನ ಸಾಲಿನಲ್ಲಿ ಕೂರುವ ವಿರೂಪಮ್ಮ, “ಇವತ್ತ ನನಗೂ ಕೇಳಾಕತ್ತೈತಿ,” ಎಂದು ಪಕ್ಕದವಳಿಗೆ ಹೇಳಿದಳು. ಎರಡು ಹಾಡು ಮುಗಿಯುವವರೆಗೆ ಅಪ್ಪ ಮಗಳು ಹೊಸ್ತಿಲ ಬಳಿ ಕೂತಿದ್ದರು. ಹೊರಡುವಾಗ ವಿರೂಪಮ್ಮ ಹಿಂದೆಯೇ ಬಂದು, ತನ್ನ ಮನೆಯಲ್ಲೊಂದು ಕಪಾಟು ಆರು ತಿಂಗಳಿಂದ ಪೆಟ್ಟಿಗೆಯಲ್ಲೇ ಇದೆ, ಮುಂದಿನ ವಾರ ಬರುತ್ತೀರಾ ಎಂದು ಕೇಳಿದಳು. ಚೈತ್ರಾ ಬಾಯಿ ತೆಗೆಯುವ ಮೊದಲೇ ಉಚ್ಚಂಗೆಪ್ಪ, “ಬರ್ತೀವ್ರಿ,” ಎಂದ.

ಊರು ದಾಟಿದ ಮೇಲೆ ಅವನು ಹಿಂದಿನಿಂದ ಬಗ್ಗಿ ಕೇಳತೊಡಗಿದ. ಕಪಾಟಿಗೆ ಬಾಗಿಲು ಇದ್ದರೆ ಅದರ ತಿರುಗಣಿ ಹೇಗೆ ಕೂರಿಸುವುದು, ಕನ್ನಡಿ ಇದ್ದರೆ ಭಾರ ತಡೆಯುತ್ತದೆಯೇ, ಹಿಂದಿನ ಹಲಗೆಗೆ ಮೊಳೆಯೋ ಸ್ಕ್ರೂವೋ. ಅವಳು ಕೊಡುವ ಉತ್ತರದಲ್ಲಿ ಅರ್ಧ ಮಾತು ಗಾಳಿಗೆ ಹಾರಿಹೋಗುತ್ತಿತ್ತು.

“ಏನಂದಿ?” ಎಂದು ಕೂಗಿದ.

ಚೈತ್ರಾ ಸ್ಕೂಟಿಯನ್ನು ನಿಧಾನ ಮಾಡಿ, ಮೊದಲಿನಿಂದ ಹೇಳತೊಡಗಿದಳು.