ಶಿವಬಸಯ್ಯನವರ ದವಡೆ ಹಲ್ಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದರಲ್ಲೂ ಈ ಭವಾನಿಯ ಲೆಕ್ಕ ತಪ್ಪು ಎಂದು ಯಾರಾದರೂ ನನ್ನೆದುರು ಅಂದರೆ ಮುಗಿಯಿತು. ತೊಂಬತ್ತೆರಡರಲ್ಲಿ ಕಲಬುರಗಿ ಬಿಟ್ಟು ಬನಾರಸ್‌ನ ವಿಶ್ವವಿದ್ಯಾಲಯಕ್ಕೆ ಬಂದು ನಾನು ಮಾಡುತ್ತಿದ್ದ ಕೆಲಸ ಇಷ್ಟೇ: ಕಂಪ್ಯೂಟರಿನೊಳಗೆ ಒಂದು ಹಲ್ಲು ಕಟ್ಟಿ, ಅದಕ್ಕೆ ತುಂಬಿದ ಮಸಾಲೆ ಎಲ್ಲಿ ಬಿರಿಯುತ್ತದೆಂದು ನೋಡುವುದು. ಮಸಾಲೆ ಅನ್ನುವುದು ಇಲ್ಲಿಯವರ ಮಾತು. ಅದು ಗಾಜಿನ ಪುಡಿ ಬೆರೆಸಿದ ರಾಳ.

ಕಂಪ್ಯೂಟರಿನ ಹಲ್ಲು ಗಟ್ಟಿಯಾಗಿತ್ತು. ನಾನು ಊಟಕ್ಕೆ ಹೋಗುತ್ತಿದ್ದ ನಮ್ಮ ಕಡೆಯವರ ಮಠದಲ್ಲಿ ಅಡುಗೆ ಮಾಡುವ ಶಿವಬಸಯ್ಯನವರ ಹಲ್ಲು ಮಾತ್ರ ಅದೇ ಮಸಾಲೆಯನ್ನು ಎರಡು ಚಳಿಗಾಲದಲ್ಲಿ ಎರಡು ಸಲ ಉಗುಳಿತ್ತು. ಗಟ್ಟಿ ಪದಾರ್ಥ ಅಗಿಯಲು ಅವರಿಗೆ ಉಳಿದಿದ್ದದ್ದು ಅದೊಂದೇ ದವಡೆ ಹಲ್ಲು. ಮೂರನೆಯ ಸಲ ತುಂಬಿದ್ದೂ ಬಿದ್ದರೆ ಹಲ್ಲು ಕೀಳುವುದೇ ಎಂದು ದಂತವೈದ್ಯ ಕಾಂತೇಶ್ ಹೇಳಿಬಿಟ್ಟಿದ್ದರು.

ಅಯ್ಯನವರಿಗೆ ಹಲ್ಲಿಗಿಂತ ಅಕ್ಕನ ಚಿಂತೆ. ಶರಣಬಸಮ್ಮ ಪ್ರತಿ ಸಂಕ್ರಾಂತಿಗೆ ಊರಿನಿಂದ ಒಣಗಿಸಿ ಗಟ್ಟಿ ಮಾಡಿದ ಕಟಕ್ ಜೋಳದ ರೊಟ್ಟಿ ಕಳಿಸುತ್ತಿದ್ದರು. ಇವರು ಅದನ್ನು ಹಂಚಿಬಿಟ್ಟು, ತಿಂದೆನೆಂದು ಸುಳ್ಳು ಕಾಗದ ಬರೆಯುತ್ತಿದ್ದರು. ಈ ಸಲ ಶಿವರಾತ್ರಿಗೆ ಆಕೆಯೇ ಬರುವವರಿದ್ದರು.

“ಎದುರಿಗೇ ಕೂತು ಬಡಸ್ತಾಳ. ಏನ್ ಹೇಳ್ಲಿ, ತಂಗೆವ್ವ?” ಎಂದರು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ನಗಿಸಹೋದೆ. ಅವರು ನಗಲಿಲ್ಲ. ನನಗೆ ನಾಚಿಕೆಯಾಯಿತು.

ಕಂಪ್ಯೂಟರಿನಲ್ಲಿ ಅಗಿಯುವ ಭಾರ ಹೆಚ್ಚಿಸಿದೆ, ಓರೆ ಮಾಡಿದೆ. ಪರದೆಯ ಹಲ್ಲು ಜಪ್ಪಯ್ಯ ಎಂದರೂ ಬಿರಿಯಲಿಲ್ಲ. ಹಾಗಾದರೆ ಈ ಮನುಷ್ಯ ಮಾಡುವುದಾದರೂ ಏನು? ತಡೆಯಲಾಗದೆ ಪುಷ್ಯದ ಒಂದು ಬೆಳಿಗ್ಗೆ ಹನುಮಾನ್ ಘಾಟಿಗೆ ಅವರ ಹಿಂದೆಯೇ ಹೋದೆ. ಪೂಜೆ ಮುಗಿಸಿದ್ದವರು ಕುಲ್ಹಡ್ ಎಂಬ ಮಣ್ಣಿನ ಲೋಟದ ತುಂಬ ಸುಡುಸುಡು ಚಾಯ್ ಕುಡಿದರು. ಎಂಜಲು ಬಾಯಲ್ಲಿ ಅಡುಗೆಮನೆ ಹೊಗಬಾರದಲ್ಲ; ಕೂಡಲೇ ಮೆಟ್ಟಿಲಿಳಿದು, ತಂಬಿಗೆಯಲ್ಲಿ ಗಂಗೆಯ ನೀರು ತುಂಬಿಕೊಂಡು ಬಾಯಿ ಮುಕ್ಕಳಿಸಿದರು. ಕೊರೆಯುವ ನೀರು. ದಿನಾಲೂ ಹೀಗೇ ಅಂತೆ.

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಭಾರದ ಲೆಕ್ಕ ಹಾಕಿದ್ದೆ, ಬಿಸಿ-ತಂಪಿನದು ಹಾಕಿರಲಿಲ್ಲ. ಹಾಕಿದೆ. ಕಂಪ್ಯೂಟರ್ ಎರಡು ದಿನ ತಿಂದು ಉತ್ತರ ಕೊಟ್ಟಿತು: ಮಸಾಲೆ ಹಲ್ಲಿಗಿಂತ ಹೆಚ್ಚು ಹಿಗ್ಗಿ, ಹೆಚ್ಚು ಕುಗ್ಗಿ, ಅಂಚಿನಲ್ಲಿ ಬಿಡುತ್ತಿತ್ತು. ಅಯ್ಯನವರದು ಬಿಟ್ಟದ್ದೂ ಅಲ್ಲೇ. ಚಹಾ ಆರಿಸಿ ಕುಡಿಯಿರಿ ಎಂದರೆ, ಆರಿದ್ದು ಚಹಾನೇ ಅಲ್ಲ ಎಂದರು. ರಾಳದಷ್ಟು ಗಾಜು ಹಿಗ್ಗದು; ಪರದೆಯಲ್ಲಿ ಗಾಜಿನ ಪುಡಿ ಹೆಚ್ಚಿಸುತ್ತ ಹೋದೆ. ಅಂಚು ಬಿಡುವುದು ನಿಂತಿತು. ಕಾಂತೇಶ್ ಅದೇ ಅಳತೆಯಲ್ಲಿ ಕಲಸಿ, ಮೊದಲು ಕಿತ್ತ ಹಲ್ಲುಗಳಲ್ಲಿ ಪರೀಕ್ಷಿಸಿ, ಆಮೇಲೆ ಅಯ್ಯನವರಿಗೆ ತುಂಬಿದರು.

ಶಿವರಾತ್ರಿಯ ಮರುದಿನ ಶರಣಬಸಮ್ಮ ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿಪುಡಿ ಬಡಿಸಿದರು. ನಾನೂ ಪಕ್ಕದಲ್ಲೇ ಕೂತಿದ್ದೆ. ನೀನೂ ಉಣ್ಣು ಎಂದು ಅಯ್ಯನವರು ಅಕ್ಕನ ಮುಂದೆ ತಟ್ಟೆ ಇಟ್ಟರು. ಆಕೆ ಬಾಯಿ ತೆರೆದು ತೋರಿಸಿದರು. ಒಂದೂ ಹಲ್ಲಿರಲಿಲ್ಲ.

“ನಂದು ಮುಗೀತೋ ತಮ್ಮಾ, ಮೂರು ವರ್ಷ ಆತು. ಈ ರೊಟ್ಟಿ ನಿನಗಂತನ ಬಡೀತೀನಿ. ನೀ ಕಡಿ, ನಾ ಕೇಳ್ತೀನಿ.”

ಅಯ್ಯನವರು ಒಮ್ಮೆ ನನ್ನ ಕಡೆ ನೋಡಿ, ರೊಟ್ಟಿಯನ್ನು ಆ ಹಲ್ಲಿಗೇ ಕೊಟ್ಟು ಕಡಿದರು. ಕಟಕ್ ಎಂದಿತು. ನಾನು ಎದ್ದೇ ನಿಂತೆ. ಮುರಿದದ್ದು ರೊಟ್ಟಿ.

ಶರಣಬಸಮ್ಮ ಕಣ್ಣು ಮುಚ್ಚಿ ಕೂತಿದ್ದರು. ಇನ್ನೊಂದು ಸಲ ಕಡಿ ಎಂದರು.