ಮಾವ ಕಂಡ ಬಾಲದ ನಕ್ಷತ್ರ

ನನ್ನ ಮಾವ ಹಿಂದೊಮ್ಮೆ ದೋಣಿಯಲ್ಲಿದ್ದಾಗ ಬಾಲದ ನಕ್ಷತ್ರ ಕಂಡಿದ್ದರಂತೆ. ದಡಕ್ಕೆ ಬಂದು ಹೇಳಿದರೆ ಕೊಡೇರಿಯ ಊರಿಗೆ ಊರೇ ನಕ್ಕಿತ್ತು, ಶೇಂದಿ ಜಾಸ್ತಿಯಾಗಿದೆ ಎಂದು. ಮಾವ ತೀರಿಕೊಂಡ ಮೇಲೂ ಆ ನಗೆ ಅತ್ತೆ ಸರಸಮ್ಮನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಉಳಿದಿತ್ತು. ಈಗ ಇನ್ನೊಂದು ಬಾಲದ ನಕ್ಷತ್ರ ಸಂಜೆ ಪಡುವಣದಲ್ಲಿ ಕಾಣುತ್ತದೆ ಎಂದು ಸುದ್ದಿ ಬಂದದ್ದೇ ತಡ, ಅತ್ತೆ ನನ್ನ ಬೆನ್ನು ಬಿದ್ದರು. ಅವರ ಕಣ್ಣು ಮಂಜು. ನಾನು ಮೊಬೈಲಿನಲ್ಲಿ ಹಿಡಿದು, ದೊಡ್ಡದು ಮಾಡಿ ತೋರಿಸಬೇಕು.

ಬೈಂದೂರು ಪೇಟೆಯಲ್ಲಿ ಬಂಗುಡೆ ಮೀನು ಮಾರಿ ಬಂದವಳು ಬುಟ್ಟಿಯ ಸಮೇತ ಅತ್ತೆಯನ್ನು ಕಡಲ ತಡಿಗೆ ಕರೆದೊಯ್ದೆ. ಕತ್ತಲಾಗುತ್ತಲೇ ತಡೆಗೋಡೆಯ ದೀಪದ ಹತ್ತಿರ ನಿಂತು ಫೋಟೋ ಹೊಡೆದೆ. ಅಬ್ಬಾ! ಲಂಗರು ಹಾಕಿದ ಬೋಟಿನ ಮೇಲೆ ಹಸಿರು ಚುಕ್ಕಿ, ಅದಕ್ಕೆ ಮಾರುದ್ದದ ಬಾಲ!

ಅತ್ತೆ ಪರದೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. "ಇದಲ್ಲ ಹೆಣೆ."

"ಇದಲ್ಲ ಅಂದ್ರೆ ಎಂತ ಅತ್ತೆ? ನಿಮ್ಗೆ ಕಣ್ಣೇ ಸಮ ಕಾಣ್ತಿಲ್ಲೆ!" ಪಿತ್ತ ನೆತ್ತಿಗೇರಿತು ನನಗೆ.

"ಅವ್ರ್ ಕಂಡದ್ದ್ ಇದಲ್ಲ."

ಹಟಕ್ಕೆ ಬಿದ್ದು, ಮೊಬೈಲು ಸ್ವಲ್ಪ ತಿರುಗಿಸಿ ಇನ್ನೊಂದು ಹೊಡೆದೆ. ಬೋಟಿನ ಮೇಲಿದ್ದ ನಕ್ಷತ್ರ ಈಗ ಬಂಡೆಗಳ ಮೇಲಿತ್ತು! ಬೋಟು, ಬಂಡೆ ಇದ್ದಲ್ಲೇ ಇವೆ. ನಾನು ಮೊಬೈಲು ತಿರುಗಿಸಿದ್ದಕ್ಕೆ ಆಕಾಶದ ನಕ್ಷತ್ರ ಜಾಗ ಬಿಡುತ್ತದೆಯೇ? ದೀಪಕ್ಕೆ ಕೈ ಅಡ್ಡ ಹಿಡಿದು ಹೊಡೆದೆ. ಚುಕ್ಕಿ ಮಾಯ, ಬಾಲವೂ ಮಾಯ. ಲೆನ್ಸ್ ಮುಟ್ಟಿದರೆ ಜಿಡ್ಡು. ದೀಪದ ಬೆಳಕು ಗಾಜಿನೊಳಗೆ ಚುಕ್ಕಿಯಾಗಿತ್ತು, ನನ್ನ ಕೈಯ ಬಂಗುಡೆ ಎಣ್ಣೆ ಅದಕ್ಕೆ ಬಾಲ ಕೊಟ್ಟಿತ್ತು. ನಾಚಿಕೆಯಾಯಿತು. ನಗುವೂ ಬಂತು.

ಸೆರಗಿನಿಂದ ಲೆನ್ಸ್ ಒರೆಸಿ, ಎಳೆದಿಟ್ಟ ದೋಣಿಯ ನೆರಳಿಗೆ ಹೋಗಿ, ಮೊಬೈಲನ್ನು ಬುಟ್ಟಿಗೆ ಒರಗಿಸಿ ಹೊಡೆದೆ. ಬೋಟಿನ ಮೇಲೆ ಎತ್ತರದಲ್ಲಿ ಮಸುಕಾದ ಒಂದು ಗೀರು. ಮೊಬೈಲು ಎಷ್ಟು ತಿರುಗಿಸಿದರೂ ಅದು ಬೋಟಿನ ಮೇಲೆಯೇ ಇತ್ತು.

"ಇಷ್ಟೇ ಅತ್ತೆ," ಎಂದೆ ಸಪ್ಪೆಯಾಗಿ.

ಅತ್ತೆ ಪರದೆಯನ್ನು ಮತ್ತೆ ಮೂಗಿನ ಹತ್ತಿರ ಹಿಡಿದು ನೋಡಿದರು. ಎಲೆಯಡಿಕೆಯ ಸುಣ್ಣ ಅಂಟಿದ್ದ ಬೆರಳನ್ನು ದೋಣಿಯ ಕಪ್ಪು ಹಲಗೆಗೆ ಒತ್ತಿ ಎಳೆದರು. ಮೊಬೈಲಿನೊಳಗಿದ್ದದ್ದೇ ಹಲಗೆಯ ಮೇಲೂ ಮೂಡಿತು.

"ಅವತ್ತ್ ಬಂದ್ ಗ್ವಾಡೆ ಮೇಲೆ ಹೀಂಗೇ ಎಳ್ದ್ ತೋರ್ಸಿದ್ರ್. ಇಷ್ಟೇನಾ ಅಂದೇಳಿ ಎಲ್ಲ ನೆಗಾಡಿದ್ರ್." ಅತ್ತೆಯ ಕಣ್ಣು ತುಂಬಿತ್ತು, ಮುಖವೆಲ್ಲ ನಗು.

ನನಗೂ ಹೊಟ್ಟೆ ತುಂಬಿದಷ್ಟು ಖುಷಿಯಾಯಿತು. ಆ ಸುಳ್ಳು ನಕ್ಷತ್ರವನ್ನು ಅಳಿಸಲು ಹೋದೆ. ಅತ್ತೆ ಕೈ ಹಿಡಿದರು.

"ಅಳ್ಸಬೇಡ. ನೆಗಾಡ್ದೋರಿಗೆ ಅದನ್ನ್ ತೋರ್ಸ್. ಇದ್ ನಂಗಿರ್ಲಿ."