ಬಟ್ಟೆಯಡಿಯ ಮೂರು ಬೆರಳು

ಊರಿಗೆ ಊರೇ ಇಳಿದು ಓಡುತ್ತಿದ್ದಾಗ ಮೇಲಕ್ಕೆ ಹತ್ತುತ್ತಿದ್ದದ್ದು ಒಂದೇ ಲಾರಿ, ದನದ ವ್ಯಾಪಾರಿ ಬಸ್ರಿಲ್‌ನದು. ನಡುಹಗಲಲ್ಲೇ ದೀಪ ಹಾಕಿಕೊಂಡು ಅದನ್ನು ಓಡಿಸುತ್ತಿದ್ದವನು ಅವನ ತಂಗಿಯ ಮಗ ದಾಫ್ರಿ. ಬೆಳಗಿನಿಂದ ಮರಾಪಿ ಬೆಂಕಿಬೆಟ್ಟ ನಾಲ್ಕು ಸಲ ಸಿಡಿದಿತ್ತು. ವೈಪರ್ ಗಾಜಿನ ಮೇಲಿನ ಬೂದಿಯನ್ನು ಕೆರೆದು ಕೆರೆದು ಕಿರುಗುಟ್ಟುತ್ತಿತ್ತು. ಮುಷ್ಟಿಗಾತ್ರದ ಕಲ್ಲೊಂದು ಬಾನೆಟ್ಟಿಗೆ ಬಡಿದು ತಗಡು ಕುಳಿ ಬಿತ್ತು.

ಒದ್ದೆ ಬಟ್ಟೆ ಹೊದ್ದ ಹೆಂಗಸೊಬ್ಬಳು ಮಗುವನ್ನು ಎತ್ತಿ ತೋರಿಸಿ ಕೈ ಅಡ್ಡ ಹಿಡಿದಳು. ದಾಫ್ರಿ ಬ್ರೇಕಿಗೆ ಕಾಲಿಟ್ಟ.

"ನಿಲ್ಲಿಸ್ಬೇಡ," ಎಂದ ಮಾವ. "ಮನುಷ್ಯರಿಗೆ ಸರ್ಕಾರದ ಗಾಡಿ ಇದೆ. ದನಕ್ಕೆ ಯಾರಿದಾರೆ? ನಾನಿದೀನಿ."

ಲಾರಿ ಹೆಂಗಸನ್ನು ದಾಟಿ ಮೇಲೇರಿತು. ದನಕ್ಕೆ ಇವನಿದ್ದ ಬಗೆಯನ್ನು ದಾಫ್ರಿ ಬೆಳಗಿನಿಂದ ನೋಡಿದ್ದ. ಹಿಂದೆ ಐದು ಹೋರಿ ನಿಂತಿದ್ದವು. ಪೇಟೆಯಲ್ಲಿ ಒಂದೊಂದೂ ಮೂರು ಬೆರಳು ಬಾಳುವಂಥವು, ಇವನು ಒಂದೊಂದು ಬೆರಳಿಗೆ ಹಿಡಿದಿದ್ದ. ವ್ಯಾಪಾರವೆಲ್ಲ ಬಟ್ಟೆಯಡಿಯಲ್ಲಿ. ಹೆಗಲ ಮೇಲಿನ ಸಾರಂಗು ಪಂಚೆಯನ್ನು ಇಬ್ಬರ ಕೈ ಮೇಲೂ ಇಳಿಬಿಟ್ಟು, ಒಳಗೇ ಬೆರಳು ಹಿಡಿದು ಬೆಲೆ ಹೇಳಬೇಕು, ಒಂದು ಬೆರಳಿಗೆ ಒಂದು ಕಟ್ಟು ನೋಟು. ಬಾಯಿ ಬಿಡುವಂತಿಲ್ಲ, ಮುಖದಲ್ಲಿ ತೋರಿಸುವಂತಿಲ್ಲ. ಕೊನೆಗೆ ಹಿಡಿದ ಬೆರಳನ್ನು ಒತ್ತಿ ಬಟ್ಟೆ ತೆಗೆದರೆ ಮುಗಿಯಿತು. ಆಮೇಲೆ ಆಕಾಶವೇ ಕಳಚಿ ಬಿದ್ದರೂ ಮಾತು ತಿರುಗಿಸುವಂತಿಲ್ಲ. ಮೂವತ್ತು ವರ್ಷದಲ್ಲಿ ಬಸ್ರಿಲ್ ತಿರುಗಿಸಿದವನಲ್ಲ. ಪಾಯಕುಂಬುಹ್ ಸಂತೆಯಲ್ಲಿ ಅವನಿಗೆ ಮರ್ಯಾದೆಯಿದ್ದದ್ದು ಅದಕ್ಕೇ.

"ಮುಂದಿನ ಮನೇಲಿ ಕೈ ನೀನು ಕೊಡು," ಎಂದ ಮಾವ.

"ಯಾಕೆ? ನಿಮ್ಮ ಕೈ ಸೋತುಹೋಯ್ತಾ?"

"ಆ ಮನುಷ್ಯ ನನಗೆ ಕೈ ಕೊಡಲ್ಲ. ನಿಮ್ಮಪ್ಪ ಅವನು."

ದಾಫ್ರಿಯ ಕೈಯಲ್ಲಿ ಸ್ಟೇರಿಂಗ್ ಒಮ್ಮೆ ಜಾರಿತು. ಹನ್ನೊಂದು ವರ್ಷದ ಕೆಳಗೆ ಅಪ್ಪನನ್ನು ಅಮ್ಮನ ಮನೆಯಿಂದ ಹೊರಗೆ ಹಾಕಿದವನು ಇದೇ ಮಾವ. ಹೆಂಡತಿಯ ಮನೆಯಲ್ಲಿ ಗಂಡನೆಂದರೆ ಮರದ ಬೊಡ್ಡೆಯ ಮೇಲಿನ ಬೂದಿ, ಉಫ್ ಎಂದರೆ ಹಾರಿಹೋಗಬೇಕು ಎಂದಿದ್ದ. ಅಪ್ಪ ಚಾಪೆ ಸುತ್ತಿಕೊಂಡು ಹೋಗಿದ್ದ. ಅಳಿಯಕಟ್ಟಿನ ಕುಲದಲ್ಲಿ ಮನೆ ಅಮ್ಮನದು, ಗದ್ದೆ ಅಮ್ಮನದು, ಮಾತು ಮಾತ್ರ ಮಾವನದು. ಆರನೇ ತರಗತಿಗೇ ಶಾಲೆ ಬಿಡಿಸಿ ಕೈಗೆ ಬಾರುಕೋಲು ಕೊಟ್ಟವನೂ ಅವನೇ.

"ಒಂದೇ ಬೆರಳು," ಎಂದ ಮಾವ. "ಹೆಚ್ಚು ಕೊಟ್ಟೆಯೋ, ನಿನಗೆ ಮನೇನೂ ಇಲ್ಲ, ಮಾವನೂ ಇಲ್ಲ."

ಅಪ್ಪ ಸಾಬಿರಿನ್ ಬೂದಿ ತುಂಬಿದ ಅಂಗಳದಲ್ಲಿ ತಲೆಯ ಮೇಲೆ ತಗಡಿನ ಹಾಳೆ ಹಿಡಿದು ನಿಂತಿದ್ದ. ಮನೆಯ ಉಳಿದವರೆಲ್ಲ ಮುಂಜಾನೆಯೇ ಇಳಿದಿದ್ದರು. ಅವನು ಉಳಿದದ್ದು ಹೋರಿಗಾಗಿ, ಅವನ ಬದುಕೆಂದರೆ ಆ ಒಂದೇ. ಹುಚ್ಚೆದ್ದ ಹೋರಿ ಗೂಟವನ್ನು ಸುತ್ತುತ್ತಿತ್ತು, ಮೂಗುದಾರ ಕೊಯ್ದು ನೆತ್ತರು ಸೋರುತ್ತಿತ್ತು.

ಅವನು ಮಗನನ್ನು ನೋಡಿದ, ಲಾರಿಯಿಂದಿಳಿದ ಬಸ್ರಿಲ್‌ನನ್ನೂ ನೋಡಿದ. "ದೊಡ್ಡವನಾಗಿದೀಯ."

"ಕೈ ಕೊಡು ಅಪ್ಪ. ಹೊತ್ತಿಲ್ಲ."

ಬಟ್ಟೆ ಇಳಿಯಿತು. ದಾಫ್ರಿ ಅಪ್ಪನ ಒಂದು ಬೆರಳು ಹಿಡಿದ. ಅಪ್ಪನ ಕೈ ಅದನ್ನು ಕೊಡವಿ ದಾಫ್ರಿಯ ಮೂರು ಬೆರಳನ್ನು ಬಿಗಿಯಾಗಿ ಹಿಡಿಯಿತು. ಅಷ್ಟರಲ್ಲಿ ಬೆಟ್ಟ ಸಿಡಿಯಿತು. ನೆಲ ಒದೆಯಿತು. ಕಲ್ಲು ಬಿದ್ದು ಪಕ್ಕದ ಮನೆಯ ಚಾವಣಿ ತೂತಾಗಿ ಹೊಗೆಯಾಡಿತು. ಅಪ್ಪನ ಮುಖ ಕದಲಲಿಲ್ಲ. ಆದರೆ ಬಟ್ಟೆಯೊಳಗೆ ಹಿಡಿತ ಸಡಿಲವಾಯಿತು. ಮೂರು ಎರಡಾಯಿತು. ಎರಡು ಒಂದಾಯಿತು.

ಅಪ್ಪ ಬೈದಿದ್ದರೂ, ಕೈಯೇ ಮುರಿದಿದ್ದರೂ ದಾಫ್ರಿ ತಡೆದುಕೊಳ್ಳುತ್ತಿದ್ದ. ಈ ಸೋಲು ತಡೆಯಲಾಗಲಿಲ್ಲ. ಅಪ್ಪನ ಮೂರು ಬೆರಳನ್ನು ಬಾಚಿ, ಮೂಳೆ ಲಟಕ್ಕೆನ್ನುವಂತೆ ಒತ್ತಿ, ಬಟ್ಟೆ ಎಳೆದು ಹಾಕಿದ.

"ಆಯ್ತು," ಎಂದ.

ಹೋರಿಯನ್ನು ಹತ್ತಿಸುವಷ್ಟರಲ್ಲಿ ಅದು ದಾಫ್ರಿಯ ತೊಡೆಗೆ ಒಂದು ಒದ್ದಿತ್ತು. ಮಾವ ಸೊಂಟದ ಚೀಲ ಬಿಚ್ಚಿ ಒಂದು ಕಟ್ಟು ನೋಟು ತೆಗೆದ.

"ಮೂರು," ಎಂದ ದಾಫ್ರಿ.

"ಏನಂದೆ?"

"ಮೂರು ಬೆರಳು ಕೊಟ್ಟಿದೀನಿ. ಬಟ್ಟೆ ತೆಗೆದಾಯ್ತು."

ಮಾವ ಬಾರುಕೋಲು ಬೀಸಿದ್ದು ಕಾಣಲಿಲ್ಲ. ಕೆನ್ನೆ ಸೀಳಿ ಬಾಯಿಗೆ ಉಪ್ಪು ಬಂತು. ಎರಡನೇ ಏಟು ಕಿವಿಗೆ. "ಸೂಳೆಮಗನೆ, ನನ್ನ ಅನ್ನ ತಿಂದು ಇವನಿಗೆ ಬಾಲ ಆಡಿಸ್ತೀಯ?" ಮಾವ ಸಾಬಿರಿನ್‌ನ ಕಡೆ ತಿರುಗಿದ. "ಒಂದು. ತಗೋ, ಇಲ್ಲ ನಿನ್ನ ಹೋರಿ ಜೊತೆ ಇಲ್ಲೇ ಬೇಯಿ." ಎದೆಗೆ ಕೈಹಾಕಿ ನೂಕಿದ. ಸಾಬಿರಿನ್ ಬೂದಿಯಲ್ಲಿ ಅಂಗಾತ ಬಿದ್ದ, ತಗಡು ಅತ್ತ ಹಾರಿತು.

ದಾಫ್ರಿ ಕೋಲನ್ನು ಕಿತ್ತುಕೊಂಡು ಎಸೆದ. ಬರಿಗೈಯಲ್ಲೇ ಹೊಡೆದ. ಮೊದಲ ಗುದ್ದಿಗೆ ಮಾವನ ಹಲ್ಲು ಗೆಣ್ಣಿಗೆ ಚುಚ್ಚಿತು, ಎರಡನೆಯದಕ್ಕೆ ಮೂಗು ಮುರಿಯಿತು. ಬಿದ್ದವನ ಮೇಲೆ ಕೂತು ಹನ್ನೊಂದು ವರ್ಷದ್ದನ್ನೂ ಸೇರಿಸಿ ಹೊಡೆದ. ಕಲ್ಲುಗಳು ಸುತ್ತಮುತ್ತ ಬೀಳುತ್ತಿದ್ದವು, ಒಂದು ಬೆನ್ನಿಗೆ ಬಿದ್ದು ಅಂಗಿ ಸುಟ್ಟದ್ದೂ ಅವನಿಗೆ ತಿಳಿಯಲಿಲ್ಲ.

ಅವನ ಕೂದಲು ಹಿಡಿದು ಎಳೆದು, ಸೀಳಿದ ಕೆನ್ನೆಗೇ ಬಾರಿಸಿದವನು ಅಪ್ಪ.

"ಮಾವನ ಮೇಲೆ ಕೈ ಮಾಡ್ತೀಯ? ಇಂಥವನನ್ನ ಹುಟ್ಟಿಸ್ದೆ ಅಂತ ಊರು ನನ್ನ ಮುಖಕ್ಕೆ ಉಗೀಬೇಕಾ?"

"ನಿನಗೋಸ್ಕರ ಅಪ್ಪ..."

"ನನಗೋಸ್ಕರ ಬೆರಳು ಕೊಟ್ಟೆ, ಅದು ಸಾಕಾಗಿತ್ತು."

ಸಾಬಿರಿನ್ ಬಗ್ಗಿ ಬಸ್ರಿಲ್‌ನ ಕಂಕುಳಿಗೆ ಕೈಹಾಕಿ ಎಬ್ಬಿಸಿದ. ತನ್ನ ತಲೆವಸ್ತ್ರದಿಂದಲೇ ಅವನ ಬಾಯಿ ಒರೆಸಿದ. "ಏಳಿ ಭಾವ. ಇಲ್ಲಿ ಸತ್ರೆ ಎತ್ತೋರಿಲ್ಲ." ಆಮೇಲೆ ಅಂಗೈ ಚಾಚಿದ. "ಮೂರು. ಬೆರಳು ಹಿಡಿದ ಕೈ ನಿಮ್ಮ ಮನೇದು. ಮಾತೂ ನಿಮ್ಮ ಮನೇದೇ."

ಬಸ್ರಿಲ್ ಆ ಅಂಗೈಯನ್ನು ನೋಡಿದ. ಇನ್ನೆರಡು ಕಟ್ಟು ತೆಗೆದು ಮೂರನ್ನೂ ಬೂದಿಯಲ್ಲಿ ಎಸೆದ. ಸಾಬಿರಿನ್ ನಾಚಿಕೆಪಡದೆ ಬಗ್ಗಿ ಒಂದೊಂದನ್ನೇ ಹೆಕ್ಕಿ, ತೊಡೆಗೆ ಬಡಿದು ಬೂದಿ ಕೊಡವಿ ಅಂಗಿಯೊಳಗೆ ತುರುಕಿದ. ಲಾರಿಯ ಹಿಂದೆ ಹತ್ತಿ ಹೋರಿಗಳ ನಡುವೆ ನಿಂತು ಹಗ್ಗ ಹಿಡಿದ.

ಇಳಿಜಾರಿನಲ್ಲಿ ಲಾರಿ ಕುಣಿಯುತ್ತ ಓಡಿತು. ಬಸ್ರಿಲ್ ಕಿಟಕಿಯಾಚೆ ನೆತ್ತರು ಉಗುಳಿದ.

"ನಾಳೆ ಮನೆತನದವರನ್ನೆಲ್ಲ ಸೇರಿಸ್ತೀನಿ. ಆ ಮನೆ ಮೆಟ್ಟಿಲು ನೀನು ತುಳೀಕೂಡದು. ನಿಮ್ಮಮ್ಮ ಸತ್ರೂ ಸೈ."

"ಸೇರಿಸಿ," ಎಂದ ದಾಫ್ರಿ. "ಹೊಡೆದದ್ದು ತಪ್ಪು ಅಂತ ನಾನೇ ಎದ್ದು ನಿಂತು ಹೇಳ್ತೀನಿ. ಬಟ್ಟೆ ತೆಗೆದ ಮೇಲೆ ಮಾತು ತಿರುಗಿಸಿದ್ದು ಯಾರು ಅಂತಾನೂ ಹೇಳ್ತೀನಿ, ಸಂತೇಲೇ."

ಮುಂದಿನ ತಿರುವಿನಲ್ಲಿ ಮಗು ಎತ್ತಿಕೊಂಡ ಆ ಹೆಂಗಸು ಇನ್ನೂ ನಡೆಯುತ್ತಿದ್ದಳು. ದಾಫ್ರಿ ಬ್ರೇಕ್ ಒತ್ತಿದ. ಮಾವ ಬಾಗಿಲ ಕಡೆಗೆ ಸರಿದು ಜಾಗ ಮಾಡಿದ.